ಮಾಸ್ಟರ್‌ಮೊಶಾಯ್ ಗಿಟಾರಿಗೆ ತಂತಿ ಕಟ್ಟಿದ್ದು

ಫೋನ್ ಬಂದಾಗ ನಾನು ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೆ ಚಿಲ್ಲರೆ ಹುಡುಕುತ್ತಿದ್ದೆ. 2024ರ ಜನವರಿ. ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು, ಡಬ್ಬದಲ್ಲಿ ಎಳ್ಳು ಬೆಲ್ಲ ಇನ್ನೂ ಉಳಿದಿತ್ತು. ಕೋಲ್ಕತ್ತದ ನಂಬರ್. ಎತ್ತಿದರೆ ಕಾಕಿಮಾ, ನನಗೆ ಗಿಟಾರ್ ಕಲಿಸಿದ ಮಾಸ್ಟರ್‌ಮೊಶಾಯ್ ಅವರ ಹೆಂಡತಿ. ಬಂಗಾಳಿಯಲ್ಲಿ ಮಾಸ್ಟರ್‌ಮೊಶಾಯ್ ಅಂದರೆ ಮೇಷ್ಟ್ರು, ಕಾಕಿಮಾ ಅಂದರೆ ಚಿಕ್ಕಮ್ಮ.

"ಮೈಸೂರು, ನಿನ್ನ ಮಾಸ್ಟರ್‌ಮೊಶಾಯ್ ಬೆಳಗಿನ ಜಾವ ಹೋಗಿಬಿಟ್ಟರು."

ಆ ಮನೆಯಲ್ಲಿ ನನ್ನ ಹೆಸರು ಮೈಸೂರು. ಮೊದಲ ದಿನ ಊರಿನ ಬಗ್ಗೆ ಕೇಳಿದ್ದಕ್ಕೆ ಕೊಟ್ಟ ಉತ್ತರವೇ ಹೆಸರಾಗಿ ಅಂಟಿಕೊಂಡಿತು. ನಿಜವಾದ ಹೆಸರು ಫೀಸಿನ ಪುಸ್ತಕದಲ್ಲಿ ಮಾತ್ರ ಇತ್ತು.

ಸುದ್ದಿ ಹೇಳಿ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಶ್ರಾದ್ಧಕ್ಕೆ ಬರೋಕೆ ಆಗದಿದ್ರೆ ಬಿಡು. ಅದಾದ ಮೇಲೆ ಒಂದು ಭಾನುವಾರ ಸ್ಮರಣಸಭೆ ಇಟ್ಟುಕೊಳ್ತಾರಂತೆ, ಅದಕ್ಕೆ ಬರಲೇಬೇಕು. ಅವರ ಗಿಟಾರನ್ನ ನೀನು ನುಡಿಸಬೇಕು" ಅಂದರು.

"ನಾನ್ಯಾಕೆ ಕಾಕಿಮಾ? ನನಗಿಂತ ಚೆನ್ನಾಗಿ ನುಡಿಸೋರು ಹತ್ತು ಜನ ಇದ್ದಾರಲ್ಲ."

"ಅವರೆಲ್ಲ ಅವರವರ ಗಿಟಾರ್ ತರುತ್ತಾರೆ. ನಿನ್ನ ಹತ್ತಿರ ಎಲ್ಲಿದೆ?"

ಸಿಲಿಂಡರ್ ಹುಡುಗ "ಸಾರ್, ಇಪ್ಪತ್ತು ರೂಪಾಯಿ" ಅಂತ ಬಾಗಿಲಲ್ಲೇ ನಿಂತಿದ್ದ. ನಾನು ಗಿಟಾರ್ ಮಾರಿದ ಸಂಗತಿ ಆ ಮನೆಗೆ ಗೊತ್ತಿದೆ ಅಂತ ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ.

ಮಾರಿದ್ದು 2018ರ ಮಾರ್ಚ್‌ನಲ್ಲಿ. ಮನೆ ಬದಲಾಯಿಸುವಾಗ ಬೀರು, ವಾಷಿಂಗ್ ಮಷೀನ್ ಎಲ್ಲಕ್ಕೂ ಜಾಗ ಆಯಿತು, ಗಿಟಾರಿಗೆ ಆಗಲಿಲ್ಲ. ಕಾಲೇಜಿನ ಹುಡುಗನೊಬ್ಬ ಬಂದು 3,500 ಕೊಟ್ಟು ಬೈಕಿನ ಹಿಂದೆ ಕಟ್ಟಿಕೊಂಡು ಹೋದ. ಒಂದು ತಿಂಗಳು ಕಳೆದಿರಲಿಲ್ಲ, ಏಪ್ರಿಲ್‌ನಲ್ಲಿ ಮಾಸ್ಟರ್‌ಮೊಶಾಯ್ ಫೋನ್ ಮಾಡಿದರು. ಬ್ರಿಜ್ ಭೂಷಣ್ ಕಾಬ್ರಾ ತೀರಿಕೊಂಡಿದ್ದರು. ಸ್ಟೀಲ್ ಗಿಟಾರಿನಲ್ಲಿ ಪೂರ್ತಿ ರಾಗ, ಆಲಾಪ, ಜೋಡ್, ಝಾಲಾ ಎಲ್ಲ ನುಡಿಸಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟವರು ಅವರು. ಜೋಧಪುರದವರು, ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯ. "ಇವತ್ತು ಸಂಜೆ ಕೂತು ಕಾಬ್ರಾಜಿಗೋಸ್ಕರ ಏನಾದ್ರೂ ನುಡಿಸು. ಹತ್ತು ನಿಮಿಷ ಆದ್ರೂ ಸಾಕು" ಅಂದರು. "ಆಗಲಿ ಮಾಸ್ಟರ್‌ಮೊಶಾಯ್" ಅಂದೆ. ರಾತ್ರಿ ಮತ್ತೆ ಫೋನ್ ಮಾಡಿ "ನುಡಿಸಿದೆಯಾ?" ಅಂತ ಕೇಳಿದರು. "ಹೂಂ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಒಳ್ಳೇದು" ಅಂತ ಇಟ್ಟರು. ಆ ಒಂದು ಕ್ಷಣ ಯಾಕೆ ಸುಮ್ಮನಿದ್ದರು ಅಂತ ಈಗ ಅರ್ಥ ಆಯಿತು.

ಇಷ್ಟೆಲ್ಲ ಹೇಳಿ ಸ್ಟೀಲ್ ಗಿಟಾರ್ ಅಂದರೆ ಏನು ಅಂತ ಹೇಳಲಿಲ್ಲ. ಸ್ಟೀಲಿನ ಗಿಟಾರ್ ಅಲ್ಲ ಅದು, ಮರದ್ದೇ. ತೊಡೆ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಬೆರಳಿನಷ್ಟು ದಪ್ಪದ ಸ್ಟೀಲ್ ಬಾರ್ ಹಿಡಿದು, ತಂತಿಯ ಮೇಲೆ ಜಾರಿಸುತ್ತಾ ನುಡಿಸುತ್ತಾರೆ. ಬಂಗಾಳದಲ್ಲಿ ಹವಾಯಿಯನ್ ಗಿಟಾರ್ ಅಂತಾರೆ. ಹವಾಯಿ ದ್ವೀಪಗಳ ಲಾಯಿಯೆ ಊರಿನ ಜೋಸೆಫ್ ಕೆಕುಕು ಎಂಬ ಹುಡುಗ ರೈಲು ಹಳಿ ಪಕ್ಕ ಸಿಕ್ಕ ಬೋಲ್ಟನ್ನು ತಂತಿಗೆ ತಾಗಿಸಿ ಇದನ್ನು ಕಂಡುಕೊಂಡ ಅಂತ ಕತೆ ಇದೆ. 1880ರ ದಶಕದ ಮಾತು. ಅದೇ ಲಾಯಿಯೆಯಲ್ಲಿ ಬೆಳೆದ ಟಾವು ಮೋಯೆ ಎಂಬಾತ ಹೆಂಡತಿ ಮಕ್ಕಳ ಸಮೇತ ಊರೂರು ಸುತ್ತಿ ಹಾಡಿ ಕುಣಿಯುತ್ತಾ, ಎರಡನೇ ಮಹಾಯುದ್ಧದ ಹೊತ್ತಿಗೆ ಕೋಲ್ಕತ್ತದಲ್ಲಿ ನೆಲೆ ನಿಂತ. ಅವನಿಂದ ಕಲಿತವರಲ್ಲಿ ಗಾರ್ನಿ ನೈಸ್ ದೊಡ್ಡ ಹೆಸರು. ಆಮೇಲೆ ಅದು ಬಂಗಾಳಿಗಳ ಮನೆ ಸೇರಿತು. ಕವಿ ನಜ್ರುಲ್ ಇಸ್ಲಾಂ ಮಗ ಕಾಜಿ ಅನಿರುದ್ಧ, ಬಟುಕ್ ನಂದಿ, ಸುನೀಲ್ ಗಂಗೂಲಿ ಇವರೆಲ್ಲ ರವೀಂದ್ರಗೀತೆ, ಸಿನಿಮಾ ಹಾಡು ನುಡಿಸಿ ಮನೆಮಾತಾದರು.

ನಿಮಗೆ ನಲವತ್ತು ದಾಟಿದ್ದರೆ ನೀವೂ ಕೇಳಿರುತ್ತೀರಿ. ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗೋ ತನಕ ಯಾರೂ ಹೆಸರು ಹೇಳದೆ ಹಾಕುತ್ತಿದ್ದರಲ್ಲ, ಮಾತಿಲ್ಲದ ಹಾಡು, ತುಂಬಾ ಎಳೆದು ಎಳೆದು ನುಡಿಸಿದ್ದು. ಅದೇ ಇದು.

ನಾನೂ ಹಾಗೇ ಕೇಳಿದವನು. 2009ರಲ್ಲಿ ಬ್ಯಾಂಕಿನವರು ಕೋಲ್ಕತ್ತಕ್ಕೆ ವರ್ಗ ಮಾಡಿದಾಗ ಲೇಕ್ ಮಾರ್ಕೆಟ್ ಹತ್ತಿರ ಮನೆ ಹಿಡಿದೆ. ಕರಿಬೇವು, ಕಾಫಿಪುಡಿ, ಇಡ್ಲಿ ಅಕ್ಕಿ ಸಿಗೋ ಜಾಗ. ಒಂದು ಸಂಜೆ ಕರಿಬೇವು ಹಿಡಿದುಕೊಂಡು ಕಾಳಿಘಾಟ್ ಕಡೆಯ ಗಲ್ಲಿಯಲ್ಲಿ ಬರುತ್ತಿದ್ದೆ. ಮೇಲಿನ ಕಿಟಕಿಯಿಂದ ಆ ರೇಡಿಯೋ ಗಿಟಾರಿನ ನಾದ. ಮೆಟ್ಟಿಲು ಹತ್ತಿ ಹೋದೆ. ಬಿಳೀ ಬನಿಯನ್ನು, ಲುಂಗಿ, ಹಣೆ ಮೇಲಿಂದ ಹಿಂದಕ್ಕೆ ಬಾಚಿದ ಕೂದಲು. ನನ್ನ ಮುಖ ನೋಡುವ ಮುಂಚೆ ಅವರು ನೋಡಿದ್ದು ಕೈಯಲ್ಲಿದ್ದ ಕರಿಬೇವನ್ನ. "ಮದ್ರಾಸಾ?" ಅಂದರು. "ಮೈಸೂರು" ಅಂದೆ.

"ಮೈಸೂರಿನವರು ಇಷ್ಟು ದೂರ ಬಂದು ಇದನ್ನ ಕಲಿಯೋದಾ? ನಿಮ್ಮಲ್ಲೇ ಗೋಟುವಾದ್ಯ ಇದೆಯಲ್ಲ."

ನನಗೆ ಗೋಟುವಾದ್ಯ ಅಂದರೆ ಏನು ಅಂತ ಗೊತ್ತಿರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಯಿತು. ವೀಣೆಯ ಹಾಗೇ ಇರುತ್ತೆ, ತಂತಿಯ ಕೆಳಗಿನ ಲೋಹದ ಮೆಟ್ಟಿಲುಗಳಿಲ್ಲ, ಮರದ ತುಂಡನ್ನ ತಂತಿ ಮೇಲೆ ಜಾರಿಸಿ ನುಡಿಸುತ್ತಾರೆ, ನಿಮ್ಮ ಮಹಾರಾಜರ ಆಸ್ಥಾನದಲ್ಲಿ ನಾರಾಯಣ ಅಯ್ಯಂಗಾರ್ ಅಂತ ದೊಡ್ಡ ವಿದ್ವಾಂಸರಿದ್ದರು, ಅಂತ ನಮ್ಮೂರಿನ ವಿಷಯವನ್ನ ಬಂಗಾಳಿಯೊಬ್ಬರು ನನಗೆ ಹೇಳಿಕೊಟ್ಟರು. ಗೋಟುವಾದ್ಯಕ್ಕೇ ಚಿತ್ರವೀಣೆ ಅಂತಲೂ ಹೆಸರು, ಅದನ್ನ ನುಡಿಸುವ ರವಿಕಿರಣ್ ಆ ಅಯ್ಯಂಗಾರರ ಮೊಮ್ಮಗ ಅನ್ನೋದೂ ಮಾಸ್ಟರ್‌ಮೊಶಾಯ್ ಅವರಿಂದಲೇ ತಿಳಿದಿದ್ದು.

ಮೊದಲ ಮೂರು ತಿಂಗಳು ಒಂದು ಹಾಡೂ ಇಲ್ಲ. ಬಾರ್ ಇಡೋದು, ಎತ್ತೋದು ಅಷ್ಟೇ. ಮಾಮೂಲಿ ಗಿಟಾರಿನಲ್ಲಿ ಎರಡು ಫ್ರೆಟ್ಟಿನ, ಅಂದರೆ ಅಂಥ ಲೋಹದ ಮೆಟ್ಟಿಲಿನ, ನಡುವೆ ಬೆರಳು ಒತ್ತಿದರೆ ಸಾಕು, ಸ್ವರ ತಾನೇ ಸರಿಯಾಗಿ ಬರುತ್ತೆ. ಇಲ್ಲಿ ಬಾರ್ ಫ್ರೆಟ್ಟಿನ ಗೆರೆಯ ನೇರ ಮೇಲೆ ನಿಲ್ಲಬೇಕು, ಕೂದಲೆಳೆ ಆಚೀಚೆ ಆದರೂ ಬೇಸುರ. ಒತ್ತಲೂಬಾರದು. ತಂತಿಗಳು ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಜಾಸ್ತಿ ಒತ್ತಿದರೆ ತಂತಿ ಬಗ್ಗಿ ಫ್ರೆಟ್ಟಿಗೆ ತಾಗಿ 'ಟಕ್' ಅನ್ನುತ್ತೆ. ಟಕ್ ಅಂದಾಗಲೆಲ್ಲ ಮಾಸ್ಟರ್‌ಮೊಶಾಯ್ ಬಾಗಿಲ ಕಡೆ ತಿರುಗಿ "ಯಾರದು? ಒಳಗೆ ಬನ್ನಿ" ಅನ್ನುತ್ತಿದ್ದರು. ಒಂದು ದಿನ ನಿಜವಾಗಲೂ ಹಾಲಿನವನು ಬಾಗಿಲು ತಟ್ಟಿದಾಗ ನಾನೇ "ಸಾರಿ" ಅಂದಿದ್ದೆ.

ಆದರೆ ಅವರಿಗೆ ನಿಜವಾದ ಸಿಟ್ಟು ಬರುತ್ತಿದ್ದದ್ದು ಬೇರೆ ವಿಷಯಕ್ಕೆ. ಈ ವಾದ್ಯದಲ್ಲಿ ಆರೂ ತಂತಿಯನ್ನ ಯಾವ ಬೆರಳೂ ಒತ್ತಿ ಹಿಡಿದಿರುವುದಿಲ್ಲ. ಒಂದನ್ನ ಮೀಟಿದರೆ ಪಕ್ಕದವೂ ಗುಂಯ್ ಅನ್ನುತ್ತವೆ. ಬಾರಿನ ಹಿಂದೆ ಉಳಿದ ತಂತಿಯೂ ಕುಯ್ ಅನ್ನುತ್ತೆ. ಅದಕ್ಕೇ ಎಡಗೈಯ ಉಂಗುರದ ಬೆರಳು, ಕಿರುಬೆರಳು ಬಾರಿನ ಹಿಂದೆ ತಂತಿಯ ಮೇಲೆ ಹಗುರವಾಗಿ ಎಳೆದುಕೊಂಡು ಬರಬೇಕು. ಬಲಗೈಯಲ್ಲಿ ಒಂದು ಸ್ವರ ಮೀಟಿ ಮುಂದಿನದಕ್ಕೆ ಹೋಗುವಾಗ ಹಿಂದಿನ ತಂತಿಯನ್ನ ಅಂಗೈ ಅಂಚಿನಿಂದ ಮುಚ್ಚಬೇಕು. ಮುಚ್ಚದೆ ಹೋದರೆ ಅವರು "ಏಂಟೋ! ಏಂಟೋ!" ಅಂತ ಕೂಗುತ್ತಿದ್ದರು. ಬಂಗಾಳಿಯಲ್ಲಿ ಏಂಟೋ ಅಂದರೆ ನಮ್ಮ ಎಂಜಲು. "ಹಿಂದಿನ ಸ್ವರ ಉಂಡು ಎದ್ದು ಹೋಯ್ತು. ಅದರ ಎಂಜಲು ತಟ್ಟೆ ಇನ್ನೂ ಇಲ್ಲೇ ಇದೆ. ಅದೇ ತಟ್ಟೆಯಲ್ಲಿ ಮುಂದಿನವರಿಗೆ ಬಡಿಸ್ತೀಯಾ?"

ಮಡಿ ಮೈಲಿಗೆ ಮನೆಯಲ್ಲಿ ಬೆಳೆದವನು ನಾನು. ಬೇರೆ ಯಾವ ವಿವರಣೆಗಿಂತ ಇದು ಬೇಗ ತಲೆಗೆ ಹೋಯಿತು. ಏಳು ವರ್ಷದಲ್ಲಿ ನಾನು ಅವರಿಂದ ಮೂವತ್ತು ಹಾಡು ಕಲಿತೆನೇನೋ. ಉಳಿದಿದ್ದೆಲ್ಲ ಎಂಜಲು ಎತ್ತುವ ಪಾಠ.

ಬ್ಯಾಂಕಿನಲ್ಲಿ ಐದು ದಿನ ರಜೆ ಸಿಕ್ಕಿತು. ಬುಧವಾರ ಸಂಜೆ ಕಾಳಿಘಾಟಿನ ಆ ಮೆಟ್ಟಿಲು ಹತ್ತಿದೆ. ಭಾನುವಾರ ಸಭೆ. ಅಂತ್ಯಕ್ರಿಯೆ ಕೇವರಾತಲಾ ಸ್ಮಶಾನದಲ್ಲಿ ಆಗಿ ಎರಡು ವಾರ ಕಳೆದಿತ್ತು, ಶ್ರಾದ್ಧವೂ ಮುಗಿದಿತ್ತು. ಫೋಟೋಕ್ಕೆ ಸುಗಂಧರಾಜದ ಹಾರ, ಪಕ್ಕದಲ್ಲಿ ಅವರ ಕನ್ನಡಕ. ಕಾಕಿಮಾ ತೆಳ್ಳಗಾಗಿದ್ದರು. ಚಹಾ ಕೊಟ್ಟು, ಬೆಲ್ಲದ ಸಂದೇಶ್ ಮಿಠಾಯಿ ಕೊಟ್ಟು, ಮಂಚದ ಕೆಳಗೆ ಕೈ ತೋರಿಸಿದರು.

ಪೆಟ್ಟಿಗೆ ಎಳೆದೆ. ಧೂಳಿನಲ್ಲಿ ಗೆರೆ ಮೂಡಿತು. ಒಂದು ಚಿಲಕ ಕೈಗೇ ಬಂತು.

ಕಡೆಯ ಎರಡು ವರ್ಷ ಅವರು ಅದನ್ನ ತೆಗೆದಿರಲಿಲ್ಲ. ಕೈ ನಡುಗುತ್ತಿತ್ತು. ಅದನ್ನೂ ತಮಾಷೆ ಮಾಡುತ್ತಿದ್ದರು: "ಈಗ ನಾನು ಗಮಕಕ್ಕೆ ಕಷ್ಟಪಡಬೇಕಾಗಿಲ್ಲ, ಕೈ ತಾನೇ ಕೊಡುತ್ತೆ." ಕೋಲ್ಕತ್ತದ ತೇವ ಗೊತ್ತಲ್ಲ, ಉಪ್ಪಿನ ಡಬ್ಬದಲ್ಲಿ ಉಪ್ಪೇ ನೀರಾಗುತ್ತೆ. ತಂತಿಗಳು ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಬೆರಳಿಗೆ ಪುಡಿ ಅಂಟಿತು. ಅವುಗಳ ನಡುವೆ, ಮೊದಲಿನ ಹಾಗೇ, ಕೆಂಪು ಚೌಕಳಿಯ ಹಳೇ ಗಮ್ಚಾದಿಂದ, ಅಂದರೆ ತೆಳು ಟವಲಿನಿಂದ, ಹರಿದ ಒಂದು ಪಟ್ಟಿ. ಒಂದು ತಂತಿಯ ಮೇಲೆ, ಇನ್ನೊಂದರ ಕೆಳಗೆ, ಚಾಪೆ ಹೆಣೆದ ಹಾಗೆ ಹಾಯಿಸಿದ್ದು. ನುಡಿಸಿ ಮುಗಿಸಿದ ಮೇಲೆ ಇದನ್ನ ಹಾಕದೆ ಅವರು ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಟ್ರಾಂ ಹೋದಾಗ, ಯಾರಾದರೂ ಜೋರಾಗಿ ಕೆಮ್ಮಿದಾಗ ಗಿಟಾರ್ ತಾನಾಗೇ ಗುಂಯ್ ಅನ್ನಬಾರದು ಅಂತ. ನಾನು ಪಟ್ಟಿ ಬಿಡಿಸಿ ತೆಗೆದೆ. ಮಡಚಿದ ಜಾಗದಲ್ಲಿ ತುಕ್ಕಿನ ಆರು ಗೆರೆ ಬಿದ್ದಿತ್ತು.

ಗುರುವಾರ ತಂತಿ ತರೋಕೆ ಹೊರಟೆ. ಲಾಲ್‌ಬಜಾರ್ ಹತ್ತಿರ ಚಿತ್‌ಪುರ ರಸ್ತೆ, ಈಗಿನ ಹೆಸರು ರವೀಂದ್ರ ಸರಣಿ, ಅಲ್ಲಿ ಸಾಲಾಗಿ ವಾದ್ಯದ ಅಂಗಡಿಗಳಿವೆ. ಹಾರ್ಮೋನಿಯಂ ತಿದಿ ಅಂಟಿಸೋರು, ತಬಲಾಗೆ ಚರ್ಮ ಬಿಗಿಯೋರು, ಗಿಟಾರ್ ಮಾಡೋರು. ಎರಡು ವಾರದಲ್ಲಿ ಸರಸ್ವತಿ ಪೂಜೆ. ದಾರಿಯುದ್ದಕ್ಕೂ ಇನ್ನೂ ಬಣ್ಣ ಕಾಣದ ಮಣ್ಣಿನ ಸರಸ್ವತಿಯರು ಸಾಲಾಗಿ ನಿಂತಿದ್ದರು. ಕೈಯಲ್ಲಿ ವೀಣೆ ಇನ್ನೂ ಕೂರಿಸಿರಲಿಲ್ಲ, ಬೆರಳು ಮಾತ್ರ ಹಿಡಿಯುವ ಹಾಗೆ ಬಗ್ಗಿದ್ದವು.

ಅಂಗಡಿಯ ಹುಡುಗ "ಹವಾಯಿಯನ್?" ಅಂತ ಒಮ್ಮೆ ನೋಡಿ ಒಳಗಿದ್ದ ಮುದುಕರನ್ನ ಕರೆದ. ಮುದುಕರು ಮಾಸ್ಟರ್‌ಮೊಶಾಯ್ ಹೆಸರು ಕೇಳಿದ್ದೇ ಎದ್ದು ನಿಂತರು. ಹನ್ನೆರಡು ಗೇಜ್ ದಪ್ಪದ ತಂತಿಯ ಸೆಟ್ ಎರಡು, ಹೆಬ್ಬೆರಳಿಗೆ ಹಾಕಿಕೊಂಡು ಮೀಟೋಕೆ ಪ್ಲಾಸ್ಟಿಕ್ ಪಿಕ್ ಒಂದು, ತೋರು ಬೆರಳು ಮಧ್ಯದ ಬೆರಳಿಗೆ ಲೋಹದ ಪಿಕ್ ಎರಡು. "ಎರಡು ಸೆಟ್ ಯಾಕೆ?" ಅಂದೆ. "ಒಂದು ಹರಿಯುತ್ತೆ" ಅಂದರು.

ಹರಿಯಿತು.

ತಂತಿ ಕಟ್ಟುವ ಕೆಲಸ ಹೇಳಿದಷ್ಟು ಸುಲಭ ಅಲ್ಲ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಕತ್ತಿನ ಮೇಲಿನ ಎಳೆತ ಒಮ್ಮೆಗೇ ಹೋಗುತ್ತೆ, ಅದು ಹಳೇ ಗಿಟಾರಿಗೆ ಒಳ್ಳೇದಲ್ಲ ಅಂತ ಅವರು ಹೇಳುತ್ತಿದ್ದರು. ಒಂದೊಂದೇ ಬಿಚ್ಚಿ ಒಂದೊಂದೇ ಕಟ್ಟಿದೆ. ಒಂದು ಬಿರಡೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕಾಕಿಮಾ ಹೊಲಿಗೆ ಮಷೀನಿನ ಎಣ್ಣೆ ತಂದುಕೊಟ್ಟರು. ಎರಡು ಹನಿ ಬಿಟ್ಟು ಅರ್ಧ ಗಂಟೆ ಕಾದೆ. ಆಮೇಲೆ ಕತ್ತಿನ ತುದಿಯಲ್ಲಿ ತಂತಿಗಳನ್ನ ಎತ್ತಿ ಹಿಡಿಯುವ ಲೋಹದ ತುಂಡು. ಅದು ಅಂಟಿಸಿದ್ದಲ್ಲ, ತಂತಿಯ ಎಳೆತದಲ್ಲೇ ನಿಂತಿರುತ್ತೆ. ಹೊಸ ತಂತಿಗಳು ಇನ್ನೂ ಪೂರ್ತಿ ಬಿಗಿಯಾಗಿರಲಿಲ್ಲ, ಕಡೆಯ ಹಳೇ ತಂತಿ ಸಡಿಲ ಮಾಡಿದ ಕೂಡಲೇ ಪಟ್ಟಂತ ಹಾರಿ ಮಂಚದ ಕೆಳಗೆ ಹೋಯಿತು. ನಾನು ನೆಲದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಅಂಗಾತ ಮಲಗಿದ್ದಾಗ ಕಾಕಿಮಾ ಎರಡು ವಾರದಲ್ಲಿ ಮೊದಲ ಸಲ ನಕ್ಕರಂತೆ. ಹಾಗಂತ ಅವರ ಸೊಸೆ ಆಮೇಲೆ ಹೇಳಿದಳು.

ಶ್ರುತಿ ಮಾಡುವುದು ಅದರದ್ದೇ ಕತೆ. ಮಾಮೂಲಿ ಗಿಟಾರಿನ ತಂತಿಗಳು ದಪ್ಪದಿಂದ ತೆಳ್ಳಗಿನದಕ್ಕೆ ಇ, ಎ, ಡಿ, ಜಿ, ಬಿ, ಇ. ಅವರು ಕಟ್ಟುತ್ತಿದ್ದದ್ದು ಇ, ಎ, ಇ, ಎ, ಸಿ ಶಾರ್ಪ್, ಇ. ಅಂದರೆ ನಡುವಿನ ಮೂರು ತಂತಿಯನ್ನ ಒಂದು ಪೂರ್ತಿ ಸ್ವರದಷ್ಟು ಮೇಲಕ್ಕೆ ಎಳೆಯಬೇಕು. ಹಾಗೆ ಮಾಡಿದರೆ ಏನೂ ಒತ್ತದೆ ಆರೂ ತಂತಿ ಮೀಟಿದರೂ ಪೂರ್ತಿ ಕಾರ್ಡ್, ಅಂದರೆ ಒಂದಕ್ಕೊಂದು ಹೊಂದುವ ಸ್ವರಗಳ ಗುಂಪು, ಕೇಳಿಸುತ್ತೆ. ಮೊಬೈಲಿನಲ್ಲಿ ಟ್ಯೂನರ್ ಹಾಕಿಕೊಂಡು, ತೆಳ್ಳಗಿನ ಕಡೆಯಿಂದ ಎರಡನೇ ತಂತಿ ತಿರುಗಿಸುತ್ತಾ ಹೋದೆ. ಬಿ ಬಂತು. ಸಿ ಬಂತು. ಮುಳ್ಳು ಸಿ ಶಾರ್ಪ್ ಮುಟ್ಟೋಕೆ ಇನ್ನೇನು ಅನ್ನುವಾಗ ಟಣ್! ತಂತಿ ಹರಿದು ಕೆನ್ನೆಗೆ ಬಡಿಯಿತು. ಬಿರಡೆಯ ತೂತಿನ ಅಂಚು ತುಕ್ಕು ತಿಂದು ಗರಗಸದ ಹಾಗೆ ಆಗಿತ್ತು. ಕಾಕಿಮಾ ಅವರ ಉಗುರು ಉಜ್ಜುವ ಅರದಿಂದ ಅದನ್ನ ನಯ ಮಾಡಿ, ಎರಡನೇ ಸೆಟ್ಟಿನ ತಂತಿ ಹಾಕಿದೆ. ಈ ಸಲ ಮುಖ ಆ ಕಡೆ ತಿರುಗಿಸಿಕೊಂಡು ತಿರುಗಿಸಿದೆ. ಹೊಸ ತಂತಿ ಹಿಗ್ಗುತ್ತೆ, ಶ್ರುತಿ ಇಳಿಯುತ್ತೆ, ಮತ್ತೆ ಎಳೆಯಬೇಕು. ಗುರುವಾರ ರಾತ್ರಿ ಹತ್ತು ಸಲ ಎಳೆದಿರಬಹುದು. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಇಳಿದಿತ್ತು.

ಬಾರ್ ಪೆಟ್ಟಿಗೆಯ ಸಣ್ಣ ಗೂಡಿನಲ್ಲಿ, ಅವರ ಹಳೇ ಕಾಲುಚೀಲದ ಒಳಗೆ ಇತ್ತು. ಅದಕ್ಕೆ ಮಾತ್ರ ತುಕ್ಕು ಹಿಡಿದಿರಲಿಲ್ಲ. ಕೈಗೆ ತಗೊಂಡಾಗ ತಣ್ಣಗೆ, ನೆನಪಿದ್ದಕ್ಕಿಂತ ಭಾರ.

ಆರು ವರ್ಷ ಮುಟ್ಟದ ಕೈ. ಶುಕ್ರವಾರದ ಮೊದಲ ಗಂಟೆ ಹೇಳೋ ಹಾಗಿಲ್ಲ. ಟಕ್, ಟಕ್, ಟಕ್. ಯಾರೂ "ಒಳಗೆ ಬನ್ನಿ" ಅನ್ನಲಿಲ್ಲ. ಬೆರಳಿಗೆ ಹಾಕಿದ ಲೋಹದ ಪಿಕ್ ತಂತಿಗೆ ಉಜ್ಜಿ ಕಿರ್ ಅಂದಿತು. ಕಿವಿ ಮಾತ್ರ ಕೆಟ್ಟಿರಲಿಲ್ಲ, ಅದೇ ಕಷ್ಟ. ಬಾರ್ ಎಲ್ಲಿ ತಪ್ಪುತ್ತಿದೆ ಅಂತ ಪ್ರತಿಸಲ ಗೊತ್ತಾಗುತ್ತಿತ್ತು. ನಾನು ಆರಿಸಿಕೊಂಡಿದ್ದು ಅವರು ನನಗೆ ಮೊದಲು ಕಲಿಸಿದ ರವೀಂದ್ರಗೀತೆ. ಚಿಕ್ಕದು, ನಿಧಾನದ್ದು. ನಿಧಾನದ ಹಾಡು ಸುಲಭ ಅಂದುಕೊಂಡಿದ್ದೆ. ಸ್ಟೀಲ್ ಗಿಟಾರಿನಲ್ಲಿ ನಿಧಾನ ಅಂದರೆ ತಪ್ಪು ಜಾಸ್ತಿ ಹೊತ್ತು ಕೇಳಿಸುತ್ತೆ ಅಷ್ಟೇ.

ಶನಿವಾರ ಮಧ್ಯಾಹ್ನ ಪಲ್ಲವಿಯನ್ನ ನಲವತ್ತು ಸಲವಾದರೂ ನುಡಿಸಿದ್ದೆ. ಕಾಕಿಮಾ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಬಾಯಿ ತೆರೆಯದೆ ಕೇಳುತ್ತಿದ್ದವರು ಒಂದು ಸಲ ಇದ್ದಕ್ಕಿದ್ದ ಹಾಗೆ ಅಲ್ಲಿಂದಲೇ ಕೂಗಿದರು:

"ಏಂಟೋ!"

ನಾನು ಗಕ್ಕನೆ ನಿಲ್ಲಿಸಿದೆ. ಅವರು ಜೀವನದಲ್ಲಿ ಒಂದು ವಾದ್ಯವನ್ನೂ ಮುಟ್ಟಿದವರಲ್ಲ. ಐವತ್ತು ವರ್ಷ ಅಡುಗೆಮನೆಯಲ್ಲಿ ಕೂತು ಬೇರೆಯವರ ಪಾಠ ಕೇಳಿದವರು. "ಮೂರನೇ ತಂತಿ" ಅಂದರು. ಹೌದು, ಮೂರನೇದೇ. ಅಂಗೈ ತಡವಾಗಿ ಬಂದಿತ್ತು. ಆಮೇಲಿನ ಎರಡು ಗಂಟೆ ಅವರು ಬಟಾಣಿ ಸುಲಿಯುತ್ತಾ ಪಾಠ ಮಾಡಿದರು, ನಾನು ಕಲಿತೆ. ಸಂಜೆಯ ಹೊತ್ತಿಗೆ ಅಡುಗೆಮನೆ ಸುಮ್ಮನಾಯಿತು. ಅಷ್ಟರಲ್ಲಿ ಬಟಾಣಿಯೂ ಮುಗಿದಿತ್ತು, ಯಾವುದರಿಂದ ಸುಮ್ಮನಾದರು ಅಂತ ಕೇಳೋಕೆ ಹೋಗಲಿಲ್ಲ.

ಆಗಲೇ ಕೇಳಿದ್ದು. "ನಾನು ಗಿಟಾರ್ ಮಾರಿದ್ದು ಮಾಸ್ಟರ್‌ಮೊಶಾಯ್‌ಗೆ ಹೇಗೆ ಗೊತ್ತಾಯ್ತು?"

"ಕಾಬ್ರಾಜಿ ಹೋದ ದಿನ ನೀನು ನುಡಿಸಿದೆ ಅಂದೆಯಲ್ಲ. ಇವರು ಫೋನ್ ಇಟ್ಟು ಹೇಳಿದರು, ನುಡಿಸಿದ್ದಿದ್ರೆ ಮೈಸೂರು 'ಹೂಂ' ಅಂತ ಸುಮ್ಮನಾಗ್ತಿರಲಿಲ್ಲ, ಯಾವ ತಂತಿ ತೊಂದರೆ ಕೊಡ್ತು ಅಂತ ಅರ್ಧ ಗಂಟೆ ಕೊರೀತಿದ್ದ, ಅಂತ."

"ಬೈದ್ರಾ?"

"ಇಲ್ಲಪ್ಪ. ಎಷ್ಟಕ್ಕೆ ಮಾರಿದ ಅಂತ ತಲೆ ಕೆಡಿಸಿಕೊಂಡರು. ಕಡಿಮೆಗೆ ಕೊಟ್ಟಿರ್ತಾನೆ, ವ್ಯವಹಾರ ಗೊತ್ತಿಲ್ಲ, ಬ್ಯಾಂಕಿನವನು ಬೇರೆ, ಅಂದರು."

3,500 ಅಂತ ನಾನು ಹೇಳಲಿಲ್ಲ.

ಭಾನುವಾರ ಸಂಜೆ ಪಕ್ಕದ ಬೀದಿಯ ಕ್ಲಬ್ಬಿನ ಹಾಲ್. ಅರವತ್ತು ಜನ ಇದ್ದಿರಬಹುದು. ಬಾಗಿಲಲ್ಲಿ ಒಬ್ಬೊಬ್ಬರಿಗೂ ಒಂದು ರಟ್ಟಿನ ಡಬ್ಬಿ: ಸಿಂಗಾಡಾ (ನಮ್ಮ ಸಮೋಸ), ಕಚೋರಿ, ಸಂದೇಶ್. ಭಾಷಣಗಳು ಉದ್ದ ಇದ್ದವು, ಅದೇನು ಎಲ್ಲ ಕಡೆಯೂ ಅಷ್ಟೇ. ಅವರನ್ನ ಚೆನ್ನಾಗಿ ಬಲ್ಲವರು ಎರಡೇ ಮಾತಾಡಿದರು, ಅಷ್ಟಾಗಿ ಅರಿಯದವರು ಇಪ್ಪತ್ತು ನಿಮಿಷ ತಗೊಂಡರು. ಆಮೇಲೆ ಶಿಷ್ಯರು ಒಬ್ಬೊಬ್ಬರೇ ನುಡಿಸಿದರು. ಹೆಚ್ಚಿನವರದ್ದು ಎಲೆಕ್ಟ್ರಿಕ್, ಎಕೋ ಹಾಕಿದ್ದು. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ಮದುವೆಗೆ ಮುಂಚೆ ಇವರ ಹತ್ತಿರ ಕಲಿತವರಂತೆ, ಎದ್ದು ಬಂದು ಕೈಯಲ್ಲಿದ್ದ ಬಳೆ ಬಿಚ್ಚಿಟ್ಟು ನುಡಿಸಿದರು. ಬಳೆ ತಂತಿಗೆ ತಾಗುತ್ತೆ ಅಂತ ಇವರು ಆಗ ಬೈದದ್ದು ನೆನಪಿಟ್ಟುಕೊಂಡಿದ್ದರು. ಆ ದಿನದ ಅತ್ಯಂತ ಒಳ್ಳೆಯ ವಾದನ ಅದೇ, ಅನುಮಾನ ಬೇಡ.

ನನ್ನ ಸರದಿ ಬಂತು. ಗಿಟಾರಿನ ನಾದವನ್ನ ಸ್ಪೀಕರಿಗೆ ಕಳಿಸುವ ಹಳೇ ಪಿಕಪ್‌ಗೆ ವೈರ್ ಸಿಕ್ಕಿಸಿದ ಕೂಡಲೇ ಸ್ಪೀಕರ್ ಗುರ್ ಅಂದಿತು. ಮೈಕಿನ ಹುಡುಗ ಏನೇನೋ ತಿರುಗಿಸಿ ಸ್ವಲ್ಪ ಕಡಿಮೆ ಮಾಡಿದ. ಶುರು ಮಾಡಿದೆ. ಹಾಡಿನ ಮೊದಲ ಸಾಲಿನಲ್ಲೇ ಒಂದು ಟಕ್. ಮುಂದಿನ ಸಾಲಿನಲ್ಲಿ ಕುಳಿತವರು ಒಬ್ಬರು ಬಾಗಿಲ ಕಡೆ ತಿರುಗಿದರು, ಆಣೆ ಮಾಡಿ ಹೇಳುತ್ತೇನೆ. ಅವರ ಪಕ್ಕದವರು ನಕ್ಕರು. ಇಡೀ ಹಾಲಿಗೆ ಆ ತಮಾಷೆ ಗೊತ್ತಿತ್ತು. ಅಲ್ಲಿಂದ ಮುಂದೆ ನನ್ನ ಹೆಗಲು ಸಡಿಲ ಆಯಿತು. ಅಂತರಾದಲ್ಲಿ, ಅಂದರೆ ಹಾಡಿನ ಎರಡನೇ ಭಾಗದಲ್ಲಿ, ಬಾರ್ ಮೇಲಿನ ಷಡ್ಜದವರೆಗೆ ಜಾರಿ ಹೋಗಿ ನಿಲ್ಲುವ ಜಾಗ ಒಂದಿದೆ. ಮೂರು ದಿನದಲ್ಲಿ ಒಮ್ಮೆಯೂ ಸರಿಯಾಗಿ ನಿಂತಿರಲಿಲ್ಲ. ಆವತ್ತು ನಿಂತಿತು.

ಕಡೆಯ ಸ್ವರ ಮೀಟಿ ಬಾರ್ ಅಲ್ಲಾಡಿಸಿದೆ. ಸ್ವರ ಸಣ್ಣಗಾಗುತ್ತಾ ಹೋಯಿತು. ಅಷ್ಟರಲ್ಲಿ ಸ್ಪೀಕರ್ ಅದನ್ನೇ ಹಿಡಿದು ವಾಪಸು ಕೊಟ್ಟಿತು, ದಪ್ಪ ತಂತಿಗಳು ತಾವಾಗೇ ಹೂಂ ಅಂತ ಏಳತೊಡಗಿದವು. ಮೈಕಿನ ಹುಡುಗ ಗಾಬರಿಯಾಗಿ ಎದ್ದ. ನಾನು ಏನೂ ಯೋಚಿಸಲಿಲ್ಲ. ಎರಡು ಅಂಗೈಯೂ ಹೋಗಿ ಆರು ತಂತಿಯ ಮೇಲೆ ಮಲಗಿದವು. ಹಾಲ್ ನಿಶ್ಶಬ್ದ ಆಯಿತು. ಸ್ಮರಣಸಭೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ಕಾಕಿಮಾ ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿದರು, ಅಷ್ಟೇ.

ಹೊರಡುವ ದಿನ ಪೆಟ್ಟಿಗೆಯನ್ನ ನನ್ನ ಕೈಗೆ ಕೊಟ್ಟರು. ನಾನು ಬೇಡ ಅಂದೆ, ಅವರು ಕೇಳಲಿಲ್ಲ. "ಈ ಸಲ ಮಾರೋದಾದ್ರೆ ಮೊದಲು ನನಗೆ ಫೋನ್ ಮಾಡು, ರೇಟು ನಾನು ಹೇಳ್ತೀನಿ" ಅಂದರು. ಏರ್‌ಪೋರ್ಟ್ ತಪಾಸಣೆಯಲ್ಲಿ ಗಿಟಾರಿಗೆ ಯಾರೂ ತಕರಾರು ಮಾಡಲಿಲ್ಲ. ಕಾಲುಚೀಲದ ಒಳಗಿದ್ದ ಬಾರ್ ಮಾತ್ರ ಮಷೀನಿನಲ್ಲಿ ಏನೋ ಆಯುಧದ ಹಾಗೆ ಕಂಡಿತಂತೆ. "ಇದೇನು?" "ಗಿಟಾರ್ ನುಡಿಸೋದು." "ಗಿಟಾರ್ ಕೈಯಲ್ಲಿ ನುಡಿಸ್ತಾರಲ್ಲ?" ಪೆಟ್ಟಿಗೆ ತೆಗೆದು, ಟ್ರೇಗಳ ಪಕ್ಕದ ಸ್ಟೀಲ್ ಟೇಬಲ್ ಮೇಲೆ ಗಿಟಾರ್ ಮಲಗಿಸಿ, ಒಂದು ತಂತಿಯ ಮೇಲೆ ಬಾರ್ ಜಾರಿಸಿ ತೋರಿಸಿದೆ. ಹಿಂದೆ ಬೆಲ್ಟ್ ಬಿಚ್ಚಿಕೊಂಡು ನಿಂತಿದ್ದ ಬಂಗಾಳಿ ಯಜಮಾನರೊಬ್ಬರು "ಆರೇ, ಹವಾಯಿಯನ್ ಗಿಟಾರ್!" ಅಂದರು. ಬಿಟ್ಟರು.

ಬೆಂಗಳೂರಿನ ಮನೆಯಲ್ಲಿ ಈಗಲೂ ಅದಕ್ಕೆ ಸರಿಯಾದ ಜಾಗ ಇಲ್ಲ. ಚಿಲಕ ಮುರಿದ ಪೆಟ್ಟಿಗೆ ಮುಚ್ಚೋದಿಲ್ಲ ಅಂತ ಊಟದ ಟೇಬಲ್ಲಿನ ಒಂದು ತುದಿಗೆ ಗಿಟಾರ್ ಇಟ್ಟಿದ್ದೆ. ಮಾರನೇ ದಿನ ಬೆಳಿಗ್ಗೆ ಹೆಂಡತಿ ಚಟ್ನಿಗೆ ಮಿಕ್ಸಿ ಹಾಕಿದಳು. ಒಂದು ನಿಮಿಷಕ್ಕೆ ನಿಲ್ಲಿಸಿದಳು.

"ರೀ, ಇದು ತಾನಾಗೇ ಹಾಡ್ತಾ ಇದೆ ನೋಡಿ."

ಹೋಗಿ ನೋಡಿದೆ. ಮಿಕ್ಸಿ ನಿಂತಿದ್ದರೂ ಐದನೇ ತಂತಿ ಇನ್ನೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಪೆಟ್ಟಿಗೆಯ ಗೂಡಿನಿಂದ ಆ ಗಮ್ಚಾ ಪಟ್ಟಿ ತೆಗೆದೆ. ತುಕ್ಕಿನ ಗೆರೆಗಳು ಎಲ್ಲೆಲ್ಲಿ ಬರಬೇಕು ಅಂತ ಹೊಂದಿಸಿಕೊಂಡು, ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿದೆ.

"ಈಗ ರುಬ್ಬು" ಅಂದೆ.